ನೀರಿನ ಬಾಯಿ ಮುಚ್ಚುವ ತಿಮ್ಮರಾಯಪ್ಪ

ಬೆಳಗಿನ ಆರು ಗಂಟೆಯ ಚಳಿಯಲ್ಲಿ ಕಬ್ಬಿಣ ಮುಟ್ಟಿದರೆ ಅಂಗೈ ಜುಮ್ಮೆನ್ನುತ್ತದೆ. ತಿಮ್ಮರಾಯಪ್ಪ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಜಯನಗರದ ಹೊಸ ಬಂಗಲೆಯೊಂದರ ಹಿತ್ತಲಲ್ಲಿ, ಈಜುಕೊಳದ ದಂಡೆಯ ಮೇಲೆ ಕುಕ್ಕರುಗಾಲಲ್ಲಿ ಕೂತು, ಕಣ್ಣನ್ನು ಹಳಿಯ ಮಟ್ಟಕ್ಕಿಳಿಸಿ ನೋಡುತ್ತಿದ್ದಾರೆ. ಮೂವತ್ತಡಿ ಉದ್ದದ ಹಳಿ. ನಡುವೆ ಎಲ್ಲೋ ನೂಲೆಳೆಯಷ್ಟು ಉಬ್ಬಿದೆ. ಅಲ್ಲಿಗೆ ಬೆರಳಿಟ್ಟು ತೋರಿಸುತ್ತಾರೆ. ಹಮಾಲರಲ್ಲೊಬ್ಬ, "ಅಷ್ಟಕ್ಕೆಲ್ಲ ಏನೂ ಆಗಲ್ಲ ಬಿಡಣ್ಣ" ಅನ್ನುತ್ತಾನೆ.

"ಏನೂ ಆಗಲ್ಲ ಏನೂ ಆಗಲ್ಲ ಅಂದ್ಕೊಂಡೇ ಎಲ್ಲಾ ಆಗೋದು," ಎನ್ನುತ್ತಾ ತಿಮ್ಮರಾಯಪ್ಪ ತಲೆ ಎತ್ತದೆ ಸುತ್ತಿಗೆಗೆ ಕೈ ಚಾಚುತ್ತಾರೆ.

ಎತ್ತಿನ ಗಾಡಿಯ ಮೇಲೆ ಬಂದಿರುವುದು ಈ ಕೊಳಕ್ಕೆ ಹಾಕುವ ಕಬ್ಬಿಣದ ಗುಮ್ಮಟ. ಮೂರು ತುಂಡು; ಒಂದೊಂದೂ ಹತ್ತಡಿ. ಸೊಂಟದೆತ್ತರಕ್ಕೆ ಬಾಗಿದ ಕಮಾನುಗಳ ಮೇಲೆ ಸರಳು ಹೆಣೆದು, ಕೂಡಿದಲ್ಲೆಲ್ಲ ರಿವೆಟ್ ಬಡಿದಿದ್ದಾರೆ. ಹೆಣಿಗೆಯ ಕಣ್ಣೊಳಗೆ ಎರಡು ವರ್ಷದ ಮಗುವಿನ ತಲೆ ತೂರುವುದಿಲ್ಲ, ಕಾಲೂ ಇಳಿಯುವುದಿಲ್ಲ. ಅಡಿಯಲ್ಲಿ ಗಾಲಿಗಳಿವೆ. ಮನೆಯವರು ಈಜಬೇಕೆಂದಾಗ ಬೀಗ ತೆಗೆದು ತಳ್ಳಿದರೆ ಒಂದರೊಳಗೊಂದು ತೂರಿಕೊಂಡು ನೀರು ತೆರೆದುಕೊಳ್ಳುತ್ತದೆ. ಈಜಿ ಮುಗಿಸಿದ ಮೇಲೆ ಎಳೆದು ಬೀಗ ಹಾಕಬೇಕು. ಇಂಥದ್ದನ್ನು ಯಾವ ಪುಸ್ತಕದಲ್ಲೂ ನೋಡಿ ಮಾಡಿದ್ದಲ್ಲ. ಹತ್ತು ವರ್ಷ ಬಾವಿಗಳಿಗೆ ಮುಚ್ಚಳ ಮಾಡಿದ ಕೈ, ಕೊಳದ ಅಳತೆಗೆ ತಕ್ಕಂತೆ ಹಿಗ್ಗಿದೆ ಅಷ್ಟೆ.

ಮನೆಯ ಯಜಮಾನರು, ಕಂಟ್ರಾಕ್ಟರ್ ರೇವಣಸಿದ್ದಪ್ಪನವರು, ಶಾಲು ಹೊದ್ದು ಕಾಫಿ ಲೋಟ ಹಿಡಿದು ವರಾಂಡದಲ್ಲಿ ನಿಂತಿದ್ದಾರೆ. ಮುಂಬಯಿಯ ಹೋಟೆಲೊಂದರಲ್ಲಿ ಈಜುಕೊಳ ನೋಡಿ ಬಂದು ಹೋದ ವರ್ಷ ಹಿತ್ತಲಲ್ಲಿ ಕಟ್ಟಿಸಿಕೊಂಡವರು. ಮೊದಲ ತುಂಡು ಹಳಿಗೆ ಕೂತದ್ದನ್ನು ನೋಡಿ ಅವರ ಮುಖ ಹುಳ್ಳಗಾಗುತ್ತದೆ.

"ಇದೇನ್ರೀ, ಕೋಳಿ ಮುಚ್ಚೋ ಮಂಕರಿ ಥರ ಇದೆಯಲ್ಲ."

ತಿಮ್ಮರಾಯಪ್ಪ ಬೆನ್ನು ನೆಟ್ಟಗೆ ಮಾಡಿ ನಿಲ್ಲುತ್ತಾರೆ. "ಕೋಳಿ ಮರಿ ಮೇಲಿರೋ ಅಕ್ಕರೆ ಮನುಷ್ಯರ ಮರಿ ಮೇಲೆ ಇದ್ದಿದ್ರೆ ಈ ಮಂಕರಿ ಹೋದ ವರ್ಷವೇ ಬರ್ತಿತ್ತು ಸಾರ್."

ರೇವಣಸಿದ್ದಪ್ಪನವರು ಲೋಟದೊಳಕ್ಕೆ ನೋಡುತ್ತಾ ಒಳಗೆ ಹೋಗುತ್ತಾರೆ.

ನಲವತ್ತೊಂಬತ್ತು ವರ್ಷದ ಈ ಮನುಷ್ಯನ ಬಾಯಿಗೆ ಸಿದ್ದಾಪುರದ ಕಬ್ಬಿಣದ ಅಂಗಡಿ ಸಾಲೆಲ್ಲ ಹೆದರುತ್ತದೆ. ಕುಲುಮೆಯಲ್ಲಿ ತಿದಿ ಒತ್ತುವ ಅವರ ಹೆಂಡತಿ ಮುನಿಲಕ್ಷ್ಮಮ್ಮ ಮಾತ್ರ ಹೆದರುವುದಿಲ್ಲ. "ಇವರಿಗೆ ದಿನಕ್ಕೊಂದು ಸಲ ಸಿಟ್ಟು ಬರ್ದೇ ಇದ್ರೆ ಮುದ್ದೆ ಇಳಿಯಲ್ಲ. ನಾನು ಕೆಂಡಕ್ಕೂ ಗಾಳಿ ಹಾಕ್ತೀನಿ, ಇವರಿಗೂ ಹಾಕ್ತೀನಿ," ಎಂದು ಸೆರಗಿನಲ್ಲಿ ಬೆವರೊರೆಸಿಕೊಳ್ಳುತ್ತಾರೆ. "ಅವರ ಸಿಟ್ಟು ಸುಳ್ಳಲ್ಲ, ಅದಕ್ಕೇ ಸುಮ್ನಿರ್ತೀನಿ," ಎಂದೂ ಸೇರಿಸುತ್ತಾರೆ.

ಆ ಸಿಟ್ಟು ಹುಟ್ಟಿದ್ದು ಒಂದು ಬಾವಿಯಲ್ಲಿ. ತಿಮ್ಮರಾಯಪ್ಪ ಹುಟ್ಟಿನಿಂದ ಕಮ್ಮಾರರಲ್ಲ. ಯಡಿಯೂರಿನ ಆಚೆಗೆ ಅವರ ತಂದೆಯ ಕಾಲದ ಎರಡೂವರೆ ಎಕರೆ ಇತ್ತು. ಮೇಲೆ ರಾಗಿ, ಬಾವಿಯ ಮಗ್ಗುಲಿಗೆ ಸೊಪ್ಪು, ಹುರುಳಿಕಾಯಿ, ಸೇವಂತಿಗೆ. ಬಾವಿಯನ್ನು ತಂದೆ ಮಗ ಕೂಡಿ ತೋಡಿದ್ದು. ಮೂರು ಬೇಸಿಗೆ ಹಿಡಿಯಿತು. ನಲವತ್ತಡಿಗೆ ಬಂಡೆ ಸಿಕ್ಕಿ, ಅದನ್ನು ಒಡೆದ ಮೇಲೆ ಬಂದ ನೀರು ಕಡುಬೇಸಿಗೆಯಲ್ಲೂ ಎರಡಾಳುದ್ದಕ್ಕಿಂತ ಇಳಿದದ್ದಿಲ್ಲ. ಜೋಡೆತ್ತು ಕಟ್ಟಿ ಕಪಿಲೆ ಹೊಡೆದು ನೀರೆತ್ತುತ್ತಿದ್ದರು.

ಐವತ್ತಮೂರನೆಯ ಇಸವಿಯಲ್ಲಿ ಒಂದು ಗೃಹನಿರ್ಮಾಣ ಸಂಘ ಆ ಕಡೆಯ ಹೊಲಗಳನ್ನೆಲ್ಲ ತೆಗೆದುಕೊಂಡಿತು. ಸರಪಳಿ ಎಳೆದರು, ಕಲ್ಲು ನೆಟ್ಟರು, ಗುಂಟೆಗಿಷ್ಟು ಎಂದು ಬರೆದರು. ಬಾವಿ ಇರುವ ಜಾಗಕ್ಕೆ ಏನು ಎಂದು ತಿಮ್ಮರಾಯಪ್ಪ ಕೇಳಿದಾಗ ಸಂಘದ ಗುಮಾಸ್ತ ನಕ್ಷೆ ಬಿಡಿಸಿ ತೋರಿಸಿದ. ನಕ್ಷೆಯಲ್ಲಿ ಬಾವಿಯೇ ಇರಲಿಲ್ಲ. ಅಲ್ಲಿ ನಿವೇಶನದ ಒಂದು ನಂಬರ್ ಇತ್ತು. "ಇಲ್ಲದ ಬಾವಿಗೆ ಹೆಂಗಪ್ಪ ಪರಿಹಾರ ಕೊಡೋದು?" ಎಂದು ಗುಮಾಸ್ತ ನಕ್ಕದ್ದನ್ನು ತಿಮ್ಮರಾಯಪ್ಪ ಇವತ್ತಿಗೂ ಅದೇ ದನಿಯಲ್ಲಿ ಹೇಳಿ ತೋರಿಸುತ್ತಾರೆ.

ಮೂರು ವರ್ಷ ಆ ಜಾಗ ಹಾಗೇ ಬಿದ್ದಿತ್ತು. ಬೇಲಿ ಕಿತ್ತರು, ಬಾವಿಯ ಕಟ್ಟೆಯ ಕಲ್ಲನ್ನು ಯಾರೋ ಹೊತ್ತೊಯ್ದರು. ನೆಲದ ಸಮಕ್ಕೆ ಬಾಯಿ ತೆರೆದುಕೊಂಡು ಬಾವಿ ಉಳಿಯಿತು. ಸುತ್ತ ಲಂಟಾನ ಬೆಳೆಯಿತು. ಐವತ್ತಾರರಲ್ಲಿ ಮನೆಗಳ ಕೆಲಸ ಶುರುವಾದಾಗ ಧರ್ಮಪುರಿ ಕಡೆಯ ಕೂಲಿಯವರು ಬಂದು ಅಲ್ಲೇ ಜೋಪಡಿ ಹಾಕಿದರು. ಒಂದು ಮಧ್ಯಾಹ್ನ ಅವರಲ್ಲೊಬ್ಬಳ ನಾಲ್ಕು ವರ್ಷದ ಮಗಳು ಲಂಟಾನದ ಹಣ್ಣು ಕೀಳಲು ಹೋದಳು.

ತಿಮ್ಮರಾಯಪ್ಪ ಅಂದು ಅದೇ ದಾರಿಯಲ್ಲಿ ಹೋಗುತ್ತಿದ್ದರು. ಕೂಗು ಕೇಳಿ ಓಡಿದರು. ಆ ಬಾವಿಯಲ್ಲಿ ಯಾವ ಕಲ್ಲಿಗೆ ಕಾಲಿಟ್ಟರೆ ಇಳಿಯಬಹುದು ಎಂದು ತಿಳಿದಿದ್ದವರು ಅವರೊಬ್ಬರೇ. ಮೂರು ಸಲ ಮುಳುಗಿದರು. ಮೂರನೆಯ ಸಲ ಕೈಗೆ ಕೂದಲು ಸಿಕ್ಕಿತು.

"ಅಂಜಲೈ ಅಂತ ಹೆಸರು. ಎದೆ ಒತ್ತಿದ್ವಿ, ಕಾಲು ಹಿಡಿದು ತಲೆ ಕೆಳಗೆ ಮಾಡಿದ್ವಿ. ನಮಗೇನು ಗೊತ್ತಿತ್ತೋ ಅದೆಲ್ಲಾ ಮಾಡಿದ್ವಿ. ಅವರವ್ವ ಅಳ್ಲಿಲ್ಲ. ತಲೆ ಮೇಲೆ ಜಲ್ಲಿ ಬುಟ್ಟಿ ಹಂಗೇ ಇತ್ತು, ಇಳಿಸೋದೇ ಮರ್ತುಬಿಟ್ಟಿದ್ಲು."

ಇಷ್ಟು ಹೇಳಿ ಅವರು ಬೀಡಿ ಹಚ್ಚುತ್ತಾರೆ, ಸೇದುವುದಿಲ್ಲ.

ಪೊಲೀಸರು ಬಂದರು, ಪಂಚನಾಮೆ ಬರೆದರು. ಬಾವಿ ಯಾರದು ಎಂಬ ಪ್ರಶ್ನೆ ಎದ್ದಾಗ ಸಂಘದ ಅದೇ ಗುಮಾಸ್ತ ಮುಂದೆ ಬಂದು, ಇದು ತಿಮ್ಮರಾಯಪ್ಪನ ಬಾವಿ ಎಂದು ಬರೆಸಿದ. ಜಾಗ ಸಂಘದ್ದು ಸರಿ, ಆದರೆ ಬಾವಿ ನಮ್ಮ ನಕ್ಷೆಯಲ್ಲಿಲ್ಲ, ತೋಡಿದವನೇ ಅದಕ್ಕೆ ಜವಾಬ್ದಾರ ಎಂದ. ಒದ್ದೆ ಪಂಚೆಯಲ್ಲೇ ತಿಮ್ಮರಾಯಪ್ಪ ಠಾಣೆಗೆ ನಡೆದರು. ಮೂರು ದಿನ ಅಲ್ಲಿಯ ಜಗಲಿಯ ಮೇಲೆ ಕೂರಿಸಿದರು. ನಾಲ್ಕನೆಯ ದಿನ ಊರಿನ ಹಿರಿಯರು ಹೋಗಿ ಬಿಡಿಸಿಕೊಂಡು ಬಂದರು. ಅಷ್ಟರಲ್ಲಿ ಅಂಜಲೈಯ ತಂದೆತಾಯಿ ಗಂಟುಮೂಟೆ ಕಟ್ಟಿಕೊಂಡು ಹೊರಟುಹೋಗಿದ್ದರು. ಅವರಿಗೆ ಯಾರೂ ಏನೂ ಕೊಡಲಿಲ್ಲ, ಯಾರೂ ಏನೂ ಕೇಳಲೂ ಇಲ್ಲ.

"ದುಡ್ಡು ಕೊಡೋವಾಗ ಬಾವಿನೇ ಇರ್ಲಿಲ್ಲ. ಮಗು ಸತ್ತಾಗ ಬಾವಿ ನಂದಾಯ್ತು," ಎನ್ನುತ್ತಾರೆ ತಿಮ್ಮರಾಯಪ್ಪ. "ಆಯ್ತು, ನಂದೇ ಅಂತ ಇಟ್ಕೊಳ್ಳಿ. ನಂದಾದ್ಮೇಲೆ ನಾನೇ ಮುಚ್ತೀನಿ ಅಂದೆ."

ಹೊಲ ಹೋದ ಮೇಲೆ ಅವರು ಸಿದ್ದಾಪುರದ ಗಂಗಾಧರಾಚಾರಿಯವರ ಕುಲುಮೆಯಲ್ಲಿ ಸುತ್ತಿಗೆ ಹೊಡೆಯುವ ಕೂಲಿಗೆ ಸೇರಿದ್ದರು. ಆಗ ಮೂವತ್ತಾರು ವರ್ಷ. ಕುಲಕಸುಬಿನವರ ನಡುವೆ ಮಣ್ಣಿನ ಕೈಯವನು ಎಂದು ನಗಿಸಿಕೊಂಡರು. ಕಬ್ಬಿಣ ಯಾವ ಕೆಂಪಿನಲ್ಲಿ ಬಾಗುತ್ತದೆ, ಯಾವ ಕೆಂಪಿನಲ್ಲಿ ಬಿರಿಯುತ್ತದೆ ಎಂದು ಕಲಿಯಲು ಮೈಮೇಲೆ ಸಾಕಷ್ಟು ಬೊಬ್ಬೆ ಎದ್ದವು. ಠಾಣೆಯಿಂದ ಬಂದ ಮಾರನೆಯ ವಾರ ಆಚಾರಿಯವರ ಮುಂದೆ ನಿಂತು, ಬಾವಿಗೊಂದು ಮುಚ್ಚಳ ಮಾಡಬೇಕು, ಕಬ್ಬಿಣದ ಬೆಲೆ ಕೂಲಿಯಲ್ಲಿ ಹಿಡಿದುಕೊಳ್ಳಿ ಎಂದರು. ಆಚಾರಿಯವರು ಹಿಡಿದುಕೊಳ್ಳಲಿಲ್ಲ. ಹೋಗಿ ಅಳತೆ ತಾ ಎಂದರು.

ಮೊದಲು ಮಾಡಿದ್ದು ಚಪ್ಪಟೆ ಮುಚ್ಚಳ. ಹಾಕಿದ ತಿಂಗಳಿಗೆ ಅದರ ಮೇಲೆ ಹೆಂಗಸರು ಹಪ್ಪಳ ಒಣಗಿಸಿದರು, ಹುಡುಗರು ಕುಣಿದರು. ಆರು ತಿಂಗಳಿಗೆ ನಡು ಜೋತುಬಿತ್ತು. ಒಂದು ಮೇಕೆಯ ಕಾಲು ಸಿಕ್ಕಿಕೊಂಡು ಮುರಿಯಿತು. ತಿಮ್ಮರಾಯಪ್ಪ ಒಂದು ದಿನವಿಡೀ ಅದರ ಮುಂದೆ ಕೂತು ಯೋಚಿಸಿದರು. ಸಂಜೆ ಹೊತ್ತಿಗೆ ಬನಶಂಕರಿ ಗುಡಿಯ ಕಡೆಯಿಂದ ಕಮಾನು ಗಾಡಿಯೊಂದು ಬಂತು. ಅದರ ಚಾವಣಿಯ ಮೇಲೆ ಎರಡು ಮೂಟೆ ರಾಗಿ, ಒಬ್ಬ ಆಳು. ಬಾಗಿದ ಬಿದಿರು ಅಷ್ಟನ್ನೂ ಹೊತ್ತಿತ್ತು.

"ಚಪ್ಪಟೆ ಇದ್ರೆ ಜನ ಅದನ್ನ ನೆಲ ಅಂದ್ಕೋತಾರೆ. ಗುಮ್ಮಟ ಇದ್ರೆ ಮೇಲೆ ಯಾರೂ ಏನೂ ಹರವಲ್ಲ. ಮಗು ಹತ್ತಿದ್ರೂ ಜಾರಿ ಆಚೆ ಕಡೆಗೇ ಬೀಳುತ್ತೆ, ಒಳಕ್ಕಲ್ಲ. ಮಂಡಿ ತರಚುತ್ತೆ. ತರಚ್ಲಿ."

ಗುಮ್ಮಟ ಕೂರಿಸಿದ ಮೇಲೆ ಸಂಘದಿಂದ ಒಂದು ಕಾಗದ ಬಂತು: ಅಪ್ಪಣೆಯಿಲ್ಲದೆ ಸಂಘದ ಸ್ವತ್ತಿನಲ್ಲಿ ಕಬ್ಬಿಣದ ಕಟ್ಟಡ ಎಬ್ಬಿಸಿದ್ದೀರಿ, ಏಳು ದಿನದೊಳಗೆ ತೆಗೆಯತಕ್ಕದ್ದು. ತಿಮ್ಮರಾಯಪ್ಪ ಆ ಕಾಗದ ಹಿಡಿದು ಕಚೇರಿಗೆ ಹೋದರು. ಜಾಗ ನಿಮ್ಮದು, ಬಾವಿ ನನ್ನದು, ಮುಚ್ಚಿರುವುದು ಬಾವಿಯನ್ನು, ತಾಕತ್ತಿದ್ದರೆ ಬಂದು ಕೀಳಿ ಎಂದು ಮೇಜು ಕುಟ್ಟಿ ಬಂದರು. ಯಾರೂ ಕೀಳಲಿಲ್ಲ. ಐದು ವರ್ಷ ಅದು ಅಲ್ಲೇ ಇತ್ತು. ಅರುವತ್ತೊಂದರಲ್ಲಿ ಬಾವಿಗೆ ಮಣ್ಣು ತುಂಬಿ ಮನೆ ಕಟ್ಟಿದರು. ತಂದೆ ಮಗ ಬಂಡೆ ಒಡೆದ ಜಾಗದ ಮೇಲೆ ಈಗ ಯಾರದೋ ಊಟದ ಮನೆ ಇದೆ.

ಆಚಾರಿಯವರು ತೀರಿಕೊಂಡ ಮೇಲೆ ಕುಲುಮೆಯನ್ನು ತಿಮ್ಮರಾಯಪ್ಪ ನಡೆಸುತ್ತಿದ್ದಾರೆ. ಕಿಟಕಿ ಸರಳು, ಗೇಟು, ಗುದ್ದಲಿ ಎಲ್ಲ ಮಾಡುತ್ತಾರೆ. ಹೊಟ್ಟೆ ನಡೆಯುವುದು ಅದರಲ್ಲಿ. ಹತ್ತು ವರ್ಷದಲ್ಲಿ ಕೂರಿಸಿದ ಬಾವಿ ಗುಮ್ಮಟಗಳು ನೂರ ನಲವತ್ತಮೂರು. ಒಂದಕ್ಕೆ ಐದು ದಿನದ ಕೆಲಸ. ಸಿದ್ದಾಪುರದಿಂದ ಹುಳಿಮಾವಿನವರೆಗೆ, ಆ ಕಡೆ ಸುಬ್ರಹ್ಮಣ್ಯಪುರದವರೆಗೆ ನಡೆದೇ ಹೋಗಿ ಅಳತೆ ತರುತ್ತಾರೆ. ಕರೆದವರ ಮನೆಗೂ ಹೋಗುತ್ತಾರೆ, ಕರೆಯದವರ ಮನೆಗೂ ಹೋಗಿ ಬಾಗಿಲು ತಟ್ಟುತ್ತಾರೆ. ನಾಯಿ ಬಿಟ್ಟವರಿದ್ದಾರೆ. "ಅಪಶಕುನ ನುಡೀಬೇಡ" ಎಂದು ಬೈದು ಕಳಿಸಿದವರಿದ್ದಾರೆ. ಕೂರಿಸಿದ ಪ್ರತಿ ಮುಚ್ಚಳದ ನಡುನೆತ್ತಿಯ ಮೇಲೆ ತಾವೇ ಬರಿಗಾಲಲ್ಲಿ ನಿಂತು ಮೂರು ಸಲ ಹಾರಿ ಇಳಿಯದೆ ಕೆಲಸ ಮುಗಿಯಿತು ಎನ್ನುವುದಿಲ್ಲ.

ರೇವಣಸಿದ್ದಪ್ಪನವರ ಬಂಗಲೆಗೆ ಅವರು ಬಂದದ್ದು ಮುಂಬಾಗಿಲ ಗೇಟು ಕೂರಿಸಲು. ಈ ಅಕ್ಟೋಬರಿನ ಮಾತು. ಕುಡಿಯಲು ನೀರು ಕೇಳಿ ಹಿತ್ತಲಿಗೆ ಹೋದವರು ಅಲ್ಲೇ ನಿಂತರು. ಸೀಬೆ ಮರದ ಬುಡಕ್ಕೆ ಒಂದು ಹೆಣ್ಣುಮಗುವನ್ನು ಹಳೇ ಸೀರೆಯ ತುಂಡಿನಿಂದ ಸೊಂಟಕ್ಕೆ ಕಟ್ಟಿ ಹಾಕಿದ್ದರು. ಪಾತ್ರೆ ತೊಳೆಯುವ ಗೌರಮ್ಮನ ಮಗಳು ನಂಜಿ. ಇನ್ನೂ ಎರಡು ತುಂಬಿಲ್ಲ. ಕಟ್ಟು ಎಷ್ಟು ಉದ್ದವಿತ್ತೋ ಅಷ್ಟು ದೂರ ನಡೆದು, ಹತ್ತು ಹೆಜ್ಜೆ ಆಚೆ ಹೊಳೆಯುತ್ತಿದ್ದ ನೀರಿನ ಕಡೆಗೆ ಕೈ ಚಾಚುತ್ತಿತ್ತು.

"ಕಟ್ಟದೇ ಇನ್ನೇನ್ಮಾಡ್ಲಿ ಅಣ್ಣಾ," ಎಂದಳಂತೆ ಗೌರಮ್ಮ. "ಮನೇಲಿ ಬಿಟ್ಟು ಬರೋಣ ಅಂದ್ರೆ ಯಾರೂ ಇಲ್ಲ. ಇಲ್ಲಿ ಬಿಟ್ರೆ ಕೊಳ. ಕಟ್ಟಿ ಹಾಕಿದ್ರೆ ಕೈ ಕೆಲಸದ ಮೇಲಿರುತ್ತೆ."

ತಿಮ್ಮರಾಯಪ್ಪ ಯಜಮಾನರ ಹತ್ತಿರ ಹೋದರು. ಕೊಳಕ್ಕೊಂದು ಮುಚ್ಚಳ ಬೇಕು ಎಂದರು.

"ಮಗು ಕರ್ಕೊಂಡು ಬರ್ಬೇಡ ಅಂತ ಅವಳಿಗೆ ಹೇಳಿದೀನಿ," ಎಂದರು ರೇವಣಸಿದ್ದಪ್ಪನವರು. "ನಮ್ಮ ಮನೇಲಿ ಚಿಕ್ಕ ಮಕ್ಕಳಿಲ್ಲ. ಯಾರ ಮಕ್ಕಳಿಗೋ ನಾನು ಹೇಗೆ ಜವಾಬ್ದಾರ?"

ಜವಾಬ್ದಾರ ಎಂಬ ಮಾತು ಕೇಳಿದ್ದೇ ಮುಂದೇನಾಯಿತೋ ತನಗೆ ನೆಟ್ಟಗೆ ನೆನಪಿಲ್ಲ ಎನ್ನುತ್ತಾರೆ ತಿಮ್ಮರಾಯಪ್ಪ. ಗೌರಮ್ಮನಿಗೆ ನೆನಪಿದೆ. ಅವರು ಏನೂ ಕೂಗಾಡಲಿಲ್ಲವಂತೆ. ಆಗತಾನೆ ಕೂರಿಸಿದ್ದ ಗೇಟನ್ನು ಕೀಲಿನಿಂದ ಎತ್ತಿ ಇಳಿಸಿ, ಗಾಡಿಗೆ ಹೇರಿ, "ಮುಚ್ಚಳ ಬಂದ್ಮೇಲೆ ಗೇಟು ಬರುತ್ತೆ ಸಾರ್" ಎಂದು ಹೇಳಿ ಹೊರಟುಹೋದರಂತೆ.

ಹತ್ತೊಂಬತ್ತು ದಿನ ಆ ಬಂಗಲೆಗೆ ಗೇಟಿರಲಿಲ್ಲ. ರೇವಣಸಿದ್ದಪ್ಪನವರು ಮುಂಗಡ ವಾಪಸು ಕೊಡು ಎಂದರು. ಮುನಿಲಕ್ಷ್ಮಮ್ಮ ಅದೇ ದಿನ ತಂದು ವರಾಂಡದಲ್ಲಿಟ್ಟು ಹೋದರು. ಪೊಲೀಸರಿಗೆ ಹೇಳುತ್ತೇನೆ ಎಂದರು ಯಜಮಾನರು. ಠಾಣೆಯ ಜಗಲಿ ನನಗೆ ಹೊಸದಲ್ಲ ಎಂಬ ಉತ್ತರ ಬಂತು. ಬೇರೆ ಕಮ್ಮಾರರನ್ನು ಕರೆಸಿದರು. ಸಿದ್ದಾಪುರದ ಮೂರು ಕುಲುಮೆಯವರೂ ಬಂದು ಕಂಬ ನೋಡಿ, ತಿಮ್ಮರಾಯಪ್ಪ ಬಿಟ್ಟ ಕೆಲಸಕ್ಕೆ ನಾವು ಕೈ ಹಾಕುವುದಿಲ್ಲ ಎಂದು ಹೋದರು. ಮಣ್ಣಿನ ಕೈಯವನು ಎಂದು ಒಂದು ಕಾಲಕ್ಕೆ ನಕ್ಕಿದ್ದವರು ಅವರೇ. ದನಗಳು ನುಗ್ಗಿ ಕ್ರೋಟನ್ ಗಿಡಗಳನ್ನೆಲ್ಲ ಮೇಯ್ದವು.

ಇಪ್ಪತ್ತನೆಯ ಬೆಳಿಗ್ಗೆ ಯಜಮಾನರ ಹೆಂಡತಿ ಗಿರಿಜಾದೇವಿಯವರು ತುಳಸಿಗೆ ನೀರು ಹಾಕುತ್ತಿದ್ದರು. ಕಟ್ಟಿಹಾಕಿದ ಮಗುವನ್ನು ದಿನವೂ ನೋಡಿ ನೋಡಿ ಮನಸ್ಸು ತಡೆಯದೆ ಆವತ್ತು ಕಟ್ಟು ಬಿಚ್ಚಿದ್ದರು. ಚೊಂಬು ತುಂಬಿಸಿಕೊಳ್ಳಲು ಕೊಳಾಯಿಯ ಕಡೆ ತಿರುಗಿದರು, ಅಷ್ಟೆ. ಮತ್ತೆ ತಿರುಗಿದಾಗ ನಂಜಿ ಕೊಳದ ಅಂಚಿನಲ್ಲಿ ಕೂತು ನೀರಿಗೆ ಬಗ್ಗಿತ್ತು. ಚೊಂಬು ಎಸೆದು ಓಡಿ ಲಂಗದ ತುದಿ ಹಿಡಿದರು. ಮಗುವಿನ ಮುಖ ಆಗಲೇ ಒದ್ದೆಯಾಗಿತ್ತು.

"ನನ್ನ ಕೈಯಲ್ಲೇ ಆಗಿಹೋಗ್ತಿತ್ತು," ಎನ್ನುತ್ತಾರೆ ಗಿರಿಜಾದೇವಿ. "ಯಜಮಾನರನ್ನ ನಾನು ಏನೂ ಕೇಳ್ಲಿಲ್ಲ. ರಿಕ್ಷಾ ಕರೆಸ್ಕೊಂಡು ಸಿದ್ದಾಪುರಕ್ಕೆ ಹೋದೆ. ಆ ಮನುಷ್ಯ ನನ್ನನ್ನ ಕೂತ್ಕೊಳ್ಳಿ ಅಂತಲೂ ಅನ್ಲಿಲ್ಲ. ‘ಈಗ ಬಂದ್ರಾ’ ಅಂದ್ರು. ಅನ್ನಿಸ್ಕೋಬೇಕಾದ್ದೇ."

ಅಂದಿನಿಂದ ಇಪ್ಪತ್ತೆರಡು ದಿನ ಕುಲುಮೆ ಆರಿಲ್ಲ. ಇಪ್ಪತ್ತೊಂದು ಕಮಾನು, ರಿವೆಟ್ ಎಣಿಸಿದರೆ ಎಂಟುನೂರಕ್ಕೂ ಹೆಚ್ಚು. ಅಡಿಯ ಗಾಲಿಗಳನ್ನು ಗುಜರಿಯಲ್ಲಿ ಹುಡುಕಿ ತಂದದ್ದು. ಅವು ಹಳೆಯ ಕಪಿಲೆ ಬಾವಿಗಳ ರಾಟೆಗಳು. ಮುಚ್ಚಿಹೋದ ಬಾವಿಗಳ ರಾಟೆಗಳೆಲ್ಲ ಈಗ ಗುಜರಿಯಲ್ಲೇ ಸಿಗುತ್ತವೆ ಎನ್ನುವಾಗ ಅವರ ದನಿಯಲ್ಲಿ ಎಂದಿನ ಸಿಟ್ಟಿಲ್ಲ.

ಹನ್ನೊಂದರ ಹೊತ್ತಿಗೆ ಮೂರೂ ತುಂಡು ಹಳಿಯ ಮೇಲೆ ಕೂತಿವೆ. ತಿಮ್ಮರಾಯಪ್ಪ ಚಪ್ಪಲಿ ಬಿಟ್ಟು ಗುಮ್ಮಟ ಹತ್ತಿ ನೆತ್ತಿಯ ಮೇಲೆ ನಿಲ್ಲುತ್ತಾರೆ. ಕೆಳಗೆ ಸರಳುಗಳ ನಡುವೆ ನೀಲಿ ನೀರು. ಒಂದು ಸಲ ಹಾರುತ್ತಾರೆ. ಎರಡು. ಮೂರು. ಕಬ್ಬಿಣ ಗುಂಯ್ ಎನ್ನುತ್ತದೆ, ಬಾಗುವುದಿಲ್ಲ. ನಾಲ್ಕು ಜನ ಹಮಾಲರನ್ನೂ ಹತ್ತಿಸಿ ನಿಲ್ಲಿಸುತ್ತಾರೆ. ಆಮೇಲೆ ಇಳಿದು ಬೀಗದ ಕೈಯನ್ನು ಗಿರಿಜಾದೇವಿಯವರಿಗೆ ಕೊಡದೆ ಗೌರಮ್ಮನ ಕೈಗೆ ಕೊಡುತ್ತಾರೆ.

"ಅವಳಿಗ್ಯಾಕೆ?" ಎಂದು ವರಾಂಡದಿಂದ ಯಜಮಾನರ ದನಿ ಬರುತ್ತದೆ.

"ಬೀಗ ಹಾಕೋದನ್ನ ಮರೀದೇ ಇರೋರ ಹತ್ರ ಇರ್ಲಿ ಅಂತ," ಎನ್ನುತ್ತಾರೆ ತಿಮ್ಮರಾಯಪ್ಪ. ಗಿರಿಜಾದೇವಿಯವರು, "ಅವಳ ಹತ್ರಾನೇ ಇರ್ಲಿ," ಎಂದಷ್ಟೇ ಹೇಳುತ್ತಾರೆ. ಗೌರಮ್ಮ ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡು ಸೀಬೆ ಮರದ ಬುಡದ ಕಟ್ಟು ಬಿಚ್ಚುತ್ತಾಳೆ. ನಂಜಿ ನೇರ ಗುಮ್ಮಟದ ಹತ್ತಿರ ನಡೆದು ಹೋಗಿ, ಎರಡೂ ಕೈಯಲ್ಲಿ ಸರಳು ಹಿಡಿದು ನಿಂತು, ಅದನ್ನು ಅಲುಗಿಸಲು ನೋಡುತ್ತದೆ.

ಗೇಟು ನಾಳೆ ಬರುತ್ತದೆ.

ಪತ್ರಿಕೆಗೆ ಒಂದು ಫೋಟೋ ಬೇಕು, ಗುಮ್ಮಟದ ಪಕ್ಕದಲ್ಲಿ ನಿಲ್ಲಿ ಎಂದಾಗ ತಿಮ್ಮರಾಯಪ್ಪನವರ ಹುಬ್ಬು ಮತ್ತೆ ಗಂಟಾಗುತ್ತದೆ. "ನನ್ನ ಮೂತಿ ನೋಡಿ ಯಾರಿಗೇನಾಗ್ಬೇಕು. ಫೋಟೋಕ್ಕೆ ಎಷ್ಟು ಜಾಗ ಬಿಡ್ತೀರಿ? ಅಷ್ಟರಲ್ಲಿ ನಾನು ಹೇಳೋದನ್ನ ಹಾಕಿ." ಬಾಯಿ ತೆರೆದ ಬಾವಿಗಳು ಇನ್ನೂ ನಾಲ್ಕು ಉಳಿದಿವೆ. ವ್ಯಾಜ್ಯದ ಜಾಗಗಳು, ಬೇಲಿ ಹಾರಿ ಅಳತೆ ತೆಗೆಯಲು ಹೋದರೆ ಕಾವಲಿನವರು ಓಡಿಸುತ್ತಾರೆ. ಸರ್ಕಾರಕ್ಕೆ ಅರ್ಜಿ ಕೊಟ್ಟದ್ದು ಹನ್ನೊಂದು ಸಲ, ಉತ್ತರ ಬಂದದ್ದು ಒಂದು ಸಲ, ಪರಿಶೀಲಿಸಲಾಗುವುದು ಎಂದು.

ಅವರು ನಿಧಾನವಾಗಿ ಹೇಳುತ್ತಾ ಹೋಗುತ್ತಾರೆ. ಸಾರಕ್ಕಿ ದಾರಿಯಲ್ಲಿ ಮುರಿದ ಇಟ್ಟಿಗೆ ಗೂಡಿನ ಹಿಂದೆ ಒಂದು. ಬನಶಂಕರಿ ಗುಡಿಯಿಂದ ಕೆಳಕ್ಕೆ, ಜೋಡಿ ಹೊಂಗೆ ಮರದ ನಡುವೆ ಒಂದು. ಅದಕ್ಕೆ ಕಟ್ಟೆಯೇ ಇಲ್ಲ. ತಾವರೆಕೆರೆಯ ಹತ್ತಿರ ನಿಂತುಹೋದ ಗೋಡೌನಿನ ಕಾಂಪೌಂಡಿನೊಳಗೆ ಒಂದು. ನಾಲ್ಕನೆಯದು ಹುಳಿಮಾವಿನ ದಾರಿಯ ಶಾಲೆಯ ಹಿಂದೆ.

ಹೇಳಿ ಮುಗಿಸಿ, "ಬರ್ಕೊಂಡಿದ್ದನ್ನ ಒಂದ್ಸಲ ಓದಿ," ಎನ್ನುತ್ತಾರೆ. ಓದುತ್ತಿದ್ದಂತೆ ಒಂದೊಂದಕ್ಕೂ ತಲೆಯಾಡಿಸುತ್ತಾರೆ. ಕೊನೆಯದು ಬಂದಾಗ ಕೈ ಎತ್ತಿ ತಡೆಯುತ್ತಾರೆ.

"ಶಾಲೆ ಹಿಂದೆ ಅಂತಷ್ಟೇ ಬರೀಬೇಡಿ. ಹಿಂದೆ, ಬಲಗಡೆ, ಬೇಲಿ ಕಿತ್ತಿರೋ ಕಡೆ. ಮಕ್ಕಳು ಅಲ್ಲಿಂದಾನೇ ಆಚೆಗೆ ಬರೋದು."